ಪೊಲೀಸ್ ದತ್ತಾಂಶ ವ್ಯವಸ್ಥೆಯ ಖಾಸಗಿತನ ಮೌಲ್ಯಮಾಪನಕ್ಕೆ ಹಳೆಯ ವರದಿಯನ್ನೇ ತಿದ್ದಿ ಕೊಟ್ಟರೆ ಸಾಕೇ?

ಪೊಲೀಸ್ ದತ್ತಾಂಶದ ಹೊಸ ವ್ಯವಸ್ಥೆಯೊಂದು ಜನರ ಖಾಸಗಿತನಕ್ಕೆ ಏನು ಅಪಾಯ ತರಬಹುದೆಂದು ಚಾಲನೆಗೆ ಮೊದಲೇ ಅಳೆಯುವ ಮೌಲ್ಯಮಾಪನಕ್ಕೆ ಹಳೆಯ ವರದಿಯನ್ನೇ ತಿದ್ದಿ ಕೊಡಬಹುದೇ, ಇಲ್ಲವೇ ಹೊರಗಿನ ಸಲಹಾ ಸಂಸ್ಥೆಯಿಂದ ಬರೆಸುವುದು ಮೇಲೇ ಎಂದು ಕೇಳಿದ್ದೀರಿ. ಕೈಯಲ್ಲಿರುವುದು ಮೂರು ವಾರ, ವ್ಯವಸ್ಥೆ ಆಗಲೇ ಬಹುಪಾಲು ಸಿದ್ಧವಾಗಿದೆ, "ಹೊಸದಾಗಿ ಯಾವ ಮಾಹಿತಿಯನ್ನೂ ಸಂಗ್ರಹಿಸುತ್ತಿಲ್ಲ" ಎಂದು ತಾಂತ್ರಿಕ ತಂಡದವರು ಹೇಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ಇದೇ ವಾಕ್ಯವನ್ನು ನಾನು ಕೈಯಾರೆ ಬರೆದು, ಅದರ ಕೆಳಗೆ ಸಹಿ ಹಾಕಿದ್ದೆ.

ಆಗ ನಾನು ಒಂದು ಕಾನೂನು ಜಾರಿ ಸಂಸ್ಥೆಯ ಖಾಸಗಿತನ ವಿಭಾಗದಲ್ಲಿದ್ದೆ. ಅಲ್ಲಿ ಎರಡು ವ್ಯವಸ್ಥೆಗಳು ಬೇರೆ ಬೇರೆಯಾಗಿ ನಡೆಯುತ್ತಿದ್ದವು. ಮೊದಲನೆಯದು ಪ್ರಕರಣಗಳ ದಾಖಲೆ. ದೂರು ಕೊಟ್ಟವರು, ಆರೋಪ ಹೊತ್ತವರು, ಸಾಕ್ಷಿ ಹೇಳಿದವರು, ಗಾಯಗೊಂಡವರು, ಹೀಗೆ ಒಂದು ಪ್ರಕರಣಕ್ಕೆ ಯಾವುದೇ ರೀತಿಯಲ್ಲಿ ಸಂಬಂಧಪಟ್ಟ ಎಲ್ಲರ ಹೆಸರು, ಜನ್ಮದಿನಾಂಕ, ವಿಳಾಸ, ವಾಹನ ಸಂಖ್ಯೆಗಳು ಅದರಲ್ಲಿ ಇರುತ್ತಿದ್ದವು. ಎರಡನೆಯದು ರಸ್ತೆಯ ತಪಾಸಣಾ ಠಾಣೆಗಳಲ್ಲಿ ಬಳಸುವ ಹುಡುಕಾಟದ ಪರದೆ. ಸಿಬ್ಬಂದಿ ವಾಹನದ ಸಂಖ್ಯೆಯನ್ನೋ ಗುರುತಿನ ಚೀಟಿಯ ಸಂಖ್ಯೆಯನ್ನೋ ಒತ್ತಿದರೆ ಏನೂ ಸಿಗದಿದ್ದರೆ ಹಸಿರು ಪಟ್ಟೆ, ಏನಾದರೂ ಸಿಕ್ಕರೆ ಹಳದಿ ಪಟ್ಟೆ ಬರುತ್ತಿತ್ತು. ಅಲ್ಲಿಯವರೆಗೆ ಆ ಪರದೆ ಕದ್ದ ವಾಹನಗಳ ಪಟ್ಟಿಯನ್ನೂ ಬಾಕಿ ಇರುವ ವಾರಂಟುಗಳನ್ನೂ ಮಾತ್ರ ನೋಡುತ್ತಿತ್ತು. ಹೊಸ ಯೋಜನೆಯಲ್ಲಿ ಪ್ರಕರಣಗಳ ದಾಖಲೆಯನ್ನೂ ಅದಕ್ಕೆ ಜೋಡಿಸಬೇಕಾಗಿತ್ತು. ಎರಡೂ ನಮ್ಮದೇ ವ್ಯವಸ್ಥೆಗಳು, ಎರಡಕ್ಕೂ ಹಿಂದೆಯೇ ಮೌಲ್ಯಮಾಪನ ಆಗಿತ್ತು. ಹಾಗಾಗಿ ನಾನು ಹಳೆಯ ವರದಿಯನ್ನು ತೆರೆದು, ವ್ಯವಸ್ಥೆಯ ವಿವರಣೆಗೆ ಎರಡು ಪ್ಯಾರಾ ಸೇರಿಸಿ, ಉಳಿದುದನ್ನು ಹಾಗೆಯೇ ಬಿಟ್ಟೆ.

ನನ್ನ ತಪ್ಪನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ "ಸರಿಯಾಗಿ ಓದಲಿಲ್ಲ" ಎಂದು ಒಂದು ಮಾತಿನಲ್ಲಿ ಹೇಳಿದರೆ ಅದು ಸುಳ್ಳಾಗುತ್ತದೆ. ನಾನು ಓದಿದ್ದೆ. ತಾಂತ್ರಿಕ ತಂಡ ನನಗೆ ಒಂದು ಎಕ್ಸೆಲ್ ಹಾಳೆ ಕಳುಹಿಸಿತ್ತು. ಎಡಗಡೆ ಪ್ರಕರಣಗಳ ದಾಖಲೆಯ ಕಾಲಂಗಳ ಹೆಸರು, ನಡುವೆ ತಪಾಸಣಾ ಪರದೆಯಲ್ಲಿ ಅವು ಹೋಗಿ ಸೇರುವ ಕಾಲಂಗಳ ಹೆಸರು, ಬಲಗಡೆ ಷರಾ. ಒಟ್ಟು 41 ಸಾಲುಗಳಿದ್ದವು. 23ನೆಯ ಸಾಲಿನಲ್ಲಿ ಎಡಗಡೆ "ವ್ಯಕ್ತಿಯ ಪಾತ್ರ" ಎಂದಿತ್ತು. ಅಂದರೆ ಆ ವ್ಯಕ್ತಿ ಈ ಪ್ರಕರಣದಲ್ಲಿ ಆರೋಪಿಯೋ, ದೂರುದಾರರೋ, ಸಾಕ್ಷಿಯೋ, ಸಂತ್ರಸ್ತರೋ ಎಂಬುದನ್ನು ಹೇಳುವ ಕಾಲಂ. ಅದರ ಎದುರು ನಡುವಿನ ಮನೆ ಖಾಲಿಯಾಗಿತ್ತು. ಷರಾದಲ್ಲಿ "ಕೈಬಿಡಲಾಗಿದೆ" ಎಂದು ಬರೆದಿತ್ತು. ತಪಾಸಣಾ ಪರದೆಯನ್ನು ಕಟ್ಟಿದಾಗ ಅದರೊಳಗೆ ಬರುವವರೆಲ್ಲ ಪೊಲೀಸರು ಹುಡುಕುತ್ತಿದ್ದವರೇ ಆಗಿದ್ದುದರಿಂದ ಪಾತ್ರ ಎಂಬ ಕಾಲಂ ಅಲ್ಲಿ ಎಂದೂ ಇರಲಿಲ್ಲ. ಇಲ್ಲದ ಕಾಲಂಗೆ ಮಾಹಿತಿ ಕಳುಹಿಸಲಾಗದು ಎಂದು ಎಂಜಿನಿಯರು ಅದನ್ನು ಬಿಟ್ಟಿದ್ದರು. ಅವರ ಕೆಲಸದ ದೃಷ್ಟಿಯಿಂದ ಅದು ಸಹಜವಾದ ತೀರ್ಮಾನವಾಗಿತ್ತು.

ನಾನು ಮಾಡಿದ್ದೇನೆಂದರೆ, ಹಾಗೆ ಕೈಬಿಟ್ಟ ಒಂಬತ್ತು ಸಾಲುಗಳನ್ನು ಎಣಿಸಿ, ಅದನ್ನು ವ್ಯವಸ್ಥೆಯ ಗುಣವೆಂದು ವರದಿಯಲ್ಲಿ ದಾಖಲಿಸಿದೆ. "ಅಗತ್ಯಕ್ಕಿಂತ ಹೆಚ್ಚಿನ ಮಾಹಿತಿ ವರ್ಗಾವಣೆಯಾಗುವುದಿಲ್ಲ, ಒಂಬತ್ತು ಕಾಲಂಗಳನ್ನು ಕೈಬಿಡಲಾಗಿದೆ" ಎಂಬುದು ನನ್ನದೇ ವಾಕ್ಯ. ನಮಗೆ ಕಲಿಸಿದ್ದೇ ಹಾಗೆ: ಕಡಿಮೆ ಮಾಹಿತಿ ಹೋದಷ್ಟೂ ಖಾಸಗಿತನಕ್ಕೆ ಒಳ್ಳೆಯದು. ಮನೆಗೆ ಕಳ್ಳರು ನುಗ್ಗಿದ್ದಾರೆಂದು ದೂರು ಕೊಟ್ಟವರನ್ನೂ ಆ ಕಳ್ಳತನದ ಆರೋಪಿಯನ್ನೂ ಬೇರ್ಪಡಿಸುತ್ತಿದ್ದುದು ಆ ದಾಖಲೆಯಲ್ಲಿ ಅದೊಂದೇ ಕಾಲಂ ಎಂಬುದು ನನಗೆ ಹೊಳೆಯಲಿಲ್ಲ. ಅದು ಬಿದ್ದುಹೋದ ಮೇಲೆ ಇಬ್ಬರೂ ಒಂದೇ ಹಳದಿ ಪಟ್ಟೆಯಾದರು: "ಪ್ರಕರಣದಲ್ಲಿ ಹೆಸರಿದೆ." ಮಾಹಿತಿ ಎಷ್ಟು ಹೋಗುತ್ತದೆ ಎಂದು ಎಣಿಸುತ್ತಿದ್ದ ನಾನು, ಹೋದ ಮಾಹಿತಿಯನ್ನು ಇನ್ನೊಂದು ತುದಿಯಲ್ಲಿ ನಿಂತವರು ಏನೆಂದು ಓದುತ್ತಾರೆ ಎಂಬ ಪ್ರಶ್ನೆಯನ್ನೇ ಕೇಳಿಕೊಳ್ಳಲಿಲ್ಲ. ಹೊಸ ಸಂಗ್ರಹಣೆ ಇಲ್ಲ ಎಂಬುದು ಅಕ್ಷರಶಃ ನಿಜವಾಗಿತ್ತು. ಆದರೆ ಹಳೆಯ ಮಾಹಿತಿಗೆ ಹೊಸ ಅರ್ಥವೊಂದು ಹುಟ್ಟಿಕೊಂಡಿತ್ತು, ಮತ್ತು ಅದನ್ನು ಕೇಳುವ ಪ್ರಶ್ನೆ ನಮ್ಮ ನಮೂನೆಯಲ್ಲಿ ಎಲ್ಲಿಯೂ ಇರಲಿಲ್ಲ.

ವ್ಯವಸ್ಥೆ ಚಾಲನೆಗೆ ಬಂದು ಏಳು ತಿಂಗಳಾದ ಮೇಲೆ ಒಬ್ಬ ಮಹಿಳೆಯ ಪತ್ರ ನನ್ನ ಮೇಜಿಗೆ ಬಂತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ತಮ್ಮನ್ನು ನಾಲ್ಕು ಬಾರಿ ತಡೆದಿದ್ದಾರೆ, ಎರಡು ಬಾರಿ ವಾಹನದ ಹಿಂಭಾಗವನ್ನು ತೆರೆಸಿ ನೋಡಿದ್ದಾರೆ, ಕೊನೆಯ ಸಲ "ಹಳೆಯ ಕೇಸೊಂದರಲ್ಲಿ ನಿಮ್ಮ ಹೆಸರಿದೆ" ಎಂದು ಸಿಬ್ಬಂದಿ ಹೇಳಿದರು ಎಂದು ಅವರು ಬರೆದಿದ್ದರು. ತಮಗೆ ನೆನಪಿರುವ ಒಂದೇ ಕೇಸು ಎಂದರೆ ನಾಲ್ಕು ವರ್ಷಗಳ ಹಿಂದೆ ಮನೆಗಳವಿನ ಬಗ್ಗೆ ತಾವೇ ಕೊಟ್ಟ ದೂರು ಎಂದೂ, ಈಗ ಆ ದೂರನ್ನು ಹಿಂತೆಗೆದುಕೊಂಡರೆ ಇದು ನಿಲ್ಲುವುದೇ ಎಂದೂ ಕೇಳಿದ್ದರು. ಆ ಪತ್ರವನ್ನು ಹಿಡಿದುಕೊಂಡು ನಾನು 41 ಸಾಲುಗಳ ಹಾಳೆಯನ್ನು ಮತ್ತೆ ತೆರೆದೆ. 23ನೆಯ ಸಾಲಿಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಸರಿಪಡಿಸುವುದು ತಪ್ಪು ಮಾಡಿದಷ್ಟು ಸುಲಭವಾಗಲಿಲ್ಲ. ಜೋಡಣೆಯನ್ನು ನಿಲ್ಲಿಸಲು ಎರಡು ದಿನ ಸಾಕಾಯಿತು. ಆದರೆ ಅಷ್ಟರೊಳಗೆ ಕೆಲವು ಠಾಣೆಗಳ ಮೇಲ್ವಿಚಾರಕರು ಪದೇ ಪದೇ ಹಳದಿ ಬರುವ ವಾಹನ ಸಂಖ್ಯೆಗಳನ್ನು ತಮ್ಮದೇ ಪಟ್ಟಿ ಮಾಡಿ, ಮುದ್ರಿಸಿ, ಗೋಡೆಗೆ ಅಂಟಿಸಿಕೊಂಡಿದ್ದರು. ಸರ್ವರಿನಲ್ಲಿ ಅಳಿಸಿದರೆ ಗೋಡೆಯ ಮೇಲಿನದು ಅಳಿಯುವುದಿಲ್ಲ. ಆ ಕಾಗದಗಳನ್ನು ಒಂದೊಂದಾಗಿ ಹುಡುಕಿ ತೆಗೆಸಲು ನಾಲ್ಕು ತಿಂಗಳು ಹಿಡಿಯಿತು. ಎಲ್ಲವೂ ಸಿಕ್ಕಿತೆಂದು ಇಂದಿಗೂ ಎದೆ ತಟ್ಟಿ ಹೇಳಲಾರೆ.

ಇದು ನಮ್ಮಲ್ಲಿ ಮಾತ್ರ ಆದ ಎಡವಟ್ಟಲ್ಲ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 2012ರಿಂದ ನಡೆಸುತ್ತಿದ್ದ ಗ್ಯಾಂಗ್ಸ್ ಮೇಟ್ರಿಕ್ಸ್ ಎಂಬ, ಗ್ಯಾಂಗ್‌ಗಳ ನಂಟಿದೆಯೆಂದು ಗುರುತಿಸಿದವರ ದತ್ತಸಂಚಯವನ್ನು ಬ್ರಿಟನ್ನಿನ ದತ್ತಾಂಶ ರಕ್ಷಣೆಯ ಮೇಲ್ವಿಚಾರಣೆ ನಡೆಸುವ ಮಾಹಿತಿ ಆಯುಕ್ತರ ಕಚೇರಿ ತನಿಖೆ ಮಾಡಿ, ದೋಷಗಳನ್ನು ಸರಿಪಡಿಸುವಂತೆ 2018ರ ನವೆಂಬರಿನಲ್ಲಿ ಜಾರಿ ನೋಟಿಸು ಕೊಟ್ಟಿತು. ಗ್ಯಾಂಗ್ ಅಪರಾಧ ಎಸಗಿದವರಿಗೂ ಅದಕ್ಕೆ ಬಲಿಯಾದವರಿಗೂ ನಡುವೆ ಅದು ಸ್ಪಷ್ಟವಾದ ವ್ಯತ್ಯಾಸ ಮಾಡುತ್ತಿರಲಿಲ್ಲ ಎಂಬುದು ಅಲ್ಲಿ ಕಂಡ ಮುಖ್ಯ ದೋಷಗಳಲ್ಲಿ ಒಂದು. ಪಟ್ಟಿಯಿಂದ ತೆಗೆದುಹಾಕಿದವರ ಹೆಸರುಗಳನ್ನು ಕೆಲವು ವಿಭಾಗಗಳು ಅನೌಪಚಾರಿಕ ಪಟ್ಟಿಗಳಲ್ಲಿ ಉಳಿಸಿಕೊಂಡಿದ್ದವು ಎಂಬುದು ಇನ್ನೊಂದು. ಆ ವಿವರಗಳನ್ನು ಓದಿದಾಗ ಗೋಡೆಗೆ ಅಂಟಿಸಿದ್ದ ನಮ್ಮ ಕಾಗದಗಳೇ ಕಣ್ಣ ಮುಂದೆ ಬಂದವು. ಐರೋಪ್ಯ ಒಕ್ಕೂಟದ 2016/680 ನಿರ್ದೇಶನ ಪೊಲೀಸ್ ದತ್ತಾಂಶಕ್ಕೆಂದೇ ರೂಪಿಸಿದ್ದು. ಶಂಕಿತರು, ಶಿಕ್ಷೆಗೊಳಗಾದವರು, ಸಂತ್ರಸ್ತರು, ಸಾಕ್ಷಿಗಳು ಮುಂತಾದವರ ದತ್ತಾಂಶವನ್ನು ಸಾಧ್ಯವಾದಷ್ಟು ಸ್ಪಷ್ಟವಾಗಿ ಬೇರ್ಪಡಿಸಬೇಕೆಂದು ಅದರ 6ನೆಯ ವಿಧಿ ಹೇಳುತ್ತದೆ. ಅಪಾಯ ಹೆಚ್ಚಿರುವ ಕಡೆ ಪರಿಣಾಮ ಮೌಲ್ಯಮಾಪನ ಕಡ್ಡಾಯವೆನ್ನುವುದು 27ನೆಯ ವಿಧಿ. ನಮ್ಮಂಥವರು 27ನೆಯದನ್ನು ಪಾಲಿಸಲು ಹೊರಟು 6ನೆಯದನ್ನು ಮುರಿಯುತ್ತೇವೆ. ಆ ವಿಧಿ ನಿಮ್ಮ ದೇಶಕ್ಕೆ ಅನ್ವಯಿಸದಿದ್ದರೂ ಮೇಜಿನ ಮೇಲೆ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಳೆಯ ವರದಿಯೋ ಸಲಹಾ ಸಂಸ್ಥೆಯೋ ಎಂಬ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಎರಡರಲ್ಲೂ ನೀವು ಬರೆಯಬೇಕಾದ ಒಂದು ಕಾಗದದ ಬಗ್ಗೆ ಯೋಚಿಸುತ್ತಿದ್ದೀರಿ, ವ್ಯವಸ್ಥೆಯ ಬಗ್ಗೆ ಅಲ್ಲ. ಹಳೆಯ ವರದಿ ಹಳೆಯ ಬಳಕೆಗೆ ಉತ್ತರ ಕೊಟ್ಟಿರುತ್ತದೆ. ಅಮೆರಿಕದ ಎಫ್‌ಬಿಐ ತನ್ನ ಮುಖಚಹರೆ ಹುಡುಕಾಟದ ವ್ಯವಸ್ಥೆಗೆ 2008ರಲ್ಲಿ ಒಂದು ಮೌಲ್ಯಮಾಪನ ಪ್ರಕಟಿಸಿತ್ತು. 2011ರಲ್ಲಿ ಹೊಸ ಸೇವೆಯ ಪ್ರಾಯೋಗಿಕ ಬಳಕೆ ಆರಂಭವಾದರೂ, ಬದಲಾದ ವ್ಯವಸ್ಥೆಯ ಮೌಲ್ಯಮಾಪನ ಪ್ರಕಟವಾದದ್ದು 2015ರಲ್ಲಿ. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2016ರಲ್ಲಿ ಈ ವಿಳಂಬವನ್ನು ಎತ್ತಿ ತೋರಿಸಿತು. ನಡುವಿನ ವರ್ಷಗಳಲ್ಲಿ ವರದಿ ಇರಲಿಲ್ಲ ಎಂದೇನಲ್ಲ. ಹಳೆಯದೊಂದು ಇತ್ತು, ಮತ್ತು ಅಪಾಯ ಇರುವುದೇ ಅಲ್ಲಿ.

ಸಲಹಾ ಸಂಸ್ಥೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಠಿಣವಾಗಿದೆ. ಅವರಿಗೆ ಸಿಗುವುದು ನಿಮಗೆ ಸಿಕ್ಕ ಅದೇ ಎಕ್ಸೆಲ್ ಹಾಳೆ, ಅದೇ ವಿನ್ಯಾಸದ ಚಿತ್ರ. ಅವರು ಅದನ್ನು ನಿಮಗಿಂತ ಚೆನ್ನಾಗಿ ಅಲಂಕರಿಸಿ ಕೊಡುತ್ತಾರೆ. ರಾತ್ರಿ ಪಾಳಿಯ ಸಿಬ್ಬಂದಿಯ ಪಕ್ಕದಲ್ಲಿ ಕುಳಿತು "ಹಳದಿ ಬಂದರೆ ನೀವು ಏನು ಮಾಡುತ್ತೀರಿ?" ಎಂದು ಕೇಳಲು ಅವರಿಗೆ ಅನುಮತಿಯೂ ಇರುವುದಿಲ್ಲ, ಕರಾರಿನಲ್ಲಿ ಅದಕ್ಕೆ ಸಮಯವೂ ಇರುವುದಿಲ್ಲ. ನಿಮಗೆ ಆ ಅನುಮತಿ ಸಿಗಬಹುದು. ಮೂರು ವಾರಗಳಲ್ಲಿ ಒಂದು ವಾರವನ್ನು ಪೂರ್ತಿ ಅದಕ್ಕೇ ಇಡಿ. ನಾನು ಒಂದೇ ಒಂದು ಪಾಳಿ ಹಾಗೆ ಕುಳಿತಿದ್ದರೂ, ಹಳದಿ ಎಂದರೆ ಅಲ್ಲಿನವರಿಗೆ "ತಡೆದು ನೋಡು" ಎಂದರ್ಥ, ನಮ್ಮ ಕಚೇರಿಯವರು ಅಂದುಕೊಂಡಂತೆ "ಹೆಚ್ಚಿನ ಮಾಹಿತಿ ಲಭ್ಯವಿದೆ" ಎಂದಲ್ಲ ಎಂಬುದು ಮೊದಲ ಗಂಟೆಯಲ್ಲೇ ತಿಳಿಯುತ್ತಿತ್ತು.

ವರದಿ ಇದ್ದ ಮಾತ್ರಕ್ಕೆ ಕಾನೂನಿನ ರಕ್ಷಣೆ ಸಿಗುತ್ತದೆ ಎಂದು ನಿಮ್ಮ ಮೇಲಧಿಕಾರಿಗಳು ಹೇಳಿದರೆ, ಸೌತ್ ವೇಲ್ಸ್ ಪೊಲೀಸರ ಮುಖಚಹರೆ ಗುರುತಿಸುವ ಕ್ಯಾಮೆರಾಗಳ ವಿರುದ್ಧ 2020ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪನ್ನು ತೋರಿಸಿ. ಅಲ್ಲಿ ಪೊಲೀಸರು ಮೌಲ್ಯಮಾಪನ ಮಾಡಿಯೇ ಇದ್ದರು. ಜನರ ಹಕ್ಕುಗಳಿಗೆ ಒದಗುವ ಅಪಾಯವನ್ನು ಅದು ಸರಿಯಾಗಿ ಅಳೆದಿಲ್ಲ, ಅದಕ್ಕೆ ತಕ್ಕ ಕ್ರಮಗಳನ್ನು ಹೇಳಿಲ್ಲ ಎಂಬ ಕಾರಣಕ್ಕೆ ಆ ಮೌಲ್ಯಮಾಪನವೇ ಕಾನೂನಿನ ಅಗತ್ಯವನ್ನು ಪೂರೈಸುವುದಿಲ್ಲವೆಂದು ನ್ಯಾಯಾಲಯ ಹೇಳಿತು.

ಭದ್ರತೆಗೆ ಸಂಬಂಧಿಸಿದ ವ್ಯವಸ್ಥೆಯಾದ್ದರಿಂದ ಇದೆಲ್ಲ ಬೇಕಿಲ್ಲ ಎಂಬ ವಾದವೂ ಬಂದೇ ಬರುತ್ತದೆ. ವಿನಾಯಿತಿಗಳು ಇರುವುದು ನಿಜ. ಸರ್ಕಾರಿ ಸಂಸ್ಥೆಗಳು ಇಂಥ ಮೌಲ್ಯಮಾಪನ ಮಾಡಬೇಕೆನ್ನುವ, ಅಮೆರಿಕದ 2002ರ ಇ-ಗವರ್ನಮೆಂಟ್ ಕಾಯಿದೆಯ 208ನೆಯ ಸೆಕ್ಷನ್ ರಾಷ್ಟ್ರೀಯ ಭದ್ರತಾ ವ್ಯವಸ್ಥೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದೇ ಸೆಕ್ಷನ್ ಉಳಿದ ವ್ಯವಸ್ಥೆಗಳ ವಿಷಯದಲ್ಲಿ, ಭದ್ರತೆಯ ಕಾರಣಕ್ಕೆ ವರದಿಯ ಪ್ರಕಟಣೆಯನ್ನು ಮೊಟಕುಗೊಳಿಸಲು ಅಥವಾ ಕೈಬಿಡಲು ಅವಕಾಶ ಕೊಡುತ್ತದೆಯೇ ಹೊರತು ಮೌಲ್ಯಮಾಪನವನ್ನೇ ಬಿಟ್ಟುಬಿಡಿ ಎನ್ನುವುದಿಲ್ಲ. ನಿಮ್ಮದು ರಹಸ್ಯ ವರದಿಯಾಗಬೇಕಾದರೆ ಆಗಲಿ. ಹೊರಗಿನವರು ಯಾರೂ ಓದುವುದಿಲ್ಲ ಎಂದಾದಾಗ ಒಳಗಿನವರು ಇನ್ನಷ್ಟು ಎಚ್ಚರದಿಂದ ಬರೆಯಬೇಕಾಗುತ್ತದೆ, ಏಕೆಂದರೆ ತಪ್ಪನ್ನು ಹಿಡಿಯಲು ಬೇರೆ ಯಾರೂ ಇರುವುದಿಲ್ಲ. ನನ್ನ ವರದಿಯೂ ಪ್ರಕಟವಾಗಿರಲಿಲ್ಲ. ಪ್ರಕಟವಾಗಿದ್ದರೆ ಯಾವುದಾದರೂ ವಕೀಲರು ಆ ಒಂಬತ್ತು ಕಾಲಂಗಳು ಯಾವುವು ಎಂದು ಕೇಳಿಯಾದರೂ ಕೇಳುತ್ತಿದ್ದರು.

ಮೂರು ವಾರ ಸಾಲದಿದ್ದರೆ ಎಲ್ಲವನ್ನೂ ಮುಂದೂಡಿ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ನಿಮಗೆ ಅರ್ಥವಾಗದ ಜೋಡಣೆ ಒಂದಿದ್ದರೆ ಅದೊಂದನ್ನು ಮಾತ್ರ ಚಾಲನೆಯಿಂದ ಹೊರಗಿಡಲು ಲಿಖಿತವಾಗಿ ಕೇಳಿ. ಉಳಿದದ್ದು ನಡೆಯಲಿ. ನಾಳೆ ಬೆಳಿಗ್ಗೆ ಮೊದಲು ಮಾಡಬೇಕಾದ ಕೆಲಸವೆಂದರೆ, ಯಾವ ಕಾಲಂ ಎಲ್ಲಿಗೆ ಹೋಗುತ್ತದೆ ಎಂಬ ಹಾಳೆಯನ್ನು ತರಿಸಿಕೊಳ್ಳುವುದು. ಅಂಥ ಹಾಳೆಯೇ ಇಲ್ಲ ಎಂದರೆ ಅದನ್ನೇ ನಿಮ್ಮ ವರದಿಯ ಮೊದಲ ದೋಷವೆಂದು ದಾಖಲಿಸಿ. ಇದ್ದರೆ, ಹೋಗುವ ಸಾಲುಗಳನ್ನು ಪಕ್ಕಕ್ಕಿಟ್ಟು ಖಾಲಿ ಬಿಟ್ಟ ಸಾಲುಗಳನ್ನು ಮೊದಲು ನೋಡಿ, ಪ್ರತಿಯೊಂದರ ಎದುರೂ ಅದನ್ನು ಏಕೆ ಬಿಡಲಾಯಿತು, ಅದಿಲ್ಲದೆ ಉಳಿದ ಸಾಲುಗಳನ್ನು ಓದಿದವರಿಗೆ ಆ ವ್ಯಕ್ತಿ ಯಾರೆಂದು ತೋರುತ್ತದೆ ಎಂಬುದನ್ನು ಎಂಜಿನಿಯರಿಂದಲೂ ಪರದೆಯ ಮುಂದೆ ಕೂರುವ ಸಿಬ್ಬಂದಿಯಿಂದಲೂ ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಿ. ಇಬ್ಬರ ಉತ್ತರ ಒಂದೇ ಆಗುವವರೆಗೆ ಸಹಿ ಹಾಕಬೇಡಿ.