ಜೇಬು ತಡಕುವ ಕೆಲಸ ಹೆಂಡತಿಯದ್ದಲ್ಲ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ರಮೇಶ ಗೂಡ್ಸ್ ಗಾಡಿ ಓಡಿಸುತ್ತಾರೆ. ಸೊಂಟನೋವಿಗೆ ಅಂತ ಗೆಳೆಯ ಕೊಟ್ಟ ಟಪೆಂಟಡಾಲ್ ಮಾತ್ರೆಯಿಂದ ಶುರುವಾದದ್ದು. ಸೊಂಟ ಸರಿಹೋದ ಮೇಲೂ ನಿಲ್ಲಲಿಲ್ಲ. ಇದು ಅಫೀಮಿನ ಹಾಗೇ ಮಿದುಳನ್ನು ಹಿಡಿಯುವ ಮಾತ್ರೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಸಿಗುತ್ತಿತ್ತು.

ಇಬ್ಬರೂ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಾಗ, ಹೆಂಡತಿ ಸವಿತಾ ಕೂತವರೇ ಒಂದು ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಖಾಲಿ ಸ್ಟ್ರಿಪ್‌ಗಳು, ಜೊತೆಗೆ ಬಳೆ ಗಿರವಿ ಇಟ್ಟ ರಸೀದಿ. "ದಿನಾ ಜೇಬು ನೋಡ್ತೀನಿ ಮೇಡಂ, ಫೋನ್ ನೋಡ್ತೀನಿ. ಮಲಗಿದ ಮೇಲೆ ಗಾಡಿ ಸೀಟಿನ ಕೆಳಗೂ ಹುಡುಕ್ತೀನಿ." ರಮೇಶ, "ಇವಳಿಗೆ ಹೆದರಿ ಬಚ್ಚಲಲ್ಲಿ ನುಂಗೋದು ಕಲಿತೆ" ಎಂದರು.

ಮಾತ್ರೆ ಮಾಡಿದಷ್ಟೇ ಹಾಳನ್ನು ಈ ಕಳ್ಳ-ಪೊಲೀಸ್ ಬಾಳೂ ಮಾಡಿತ್ತು. ಹಾಸಿಗೆಯೂ ಬೇರೆಯಾಗಿತ್ತು. ಇಂಥ ಮಾತ್ರೆ ತುಂಬಾ ದಿನ ತಿಂದರೆ ಗಂಡಸರಿಗೆ ಆಸೆಯೇ ಕುಗ್ಗಬಹುದು. ಸವಿತಾ ಮಾತ್ರ ಬೇರೆ ಯಾರೋ ಇದ್ದಾರೆ ಅಂತ ಒಳಗೊಳಗೇ ಕೊರಗುತ್ತಿದ್ದರು. ಇದನ್ನು ಬಿಡಿಸಿ ಹೇಳಿದಾಗ ಅತ್ತುಬಿಟ್ಟರು.

ಧರ್ಮಸ್ಥಳದಲ್ಲಿ ಆಣೆ ಮಾಡಿಸಿದ್ದೂ ಆಗಿತ್ತು. ಮಾತ್ರೆ ಬಿಟ್ಟು ಮೈಕೈ ನೋವು, ಆಕಳಿಕೆ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ಶುರುವಾದಾಗ ಆಣೆ ಉಳಿಯಲಿಲ್ಲ. ಅದು ಮೈ ಮಾಡುವ ಹಟ, ಮನುಷ್ಯನ ಗುಣ ಕೆಟ್ಟದ್ದಲ್ಲ ಅಂತ ಇಬ್ಬರಿಗೂ ಹೇಳಿ ಮನೋವೈದ್ಯರ ಹತ್ತಿರ ಕಳಿಸಿದೆ. ಮಾಲೀಕರಿಗೆ ಗೊತ್ತಾದರೆ ಎಂಬ ಭಯ ರಮೇಶರಿಗೆ. ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಆದರೆ ಡಾಕ್ಟರು ಸರಿ ಅನ್ನುವವರೆಗೆ ಗಾಡಿ ಮುಟ್ಟಬೇಡಿ ಅಂದೆ.

ಸವಿತಾಗೆ ಹೇಳಿದ್ದು ಇಷ್ಟು. ಇನ್ನು ಜೇಬು ತಡಕಬೇಡಿ, ನಿಗಾ ಡಾಕ್ಟರಿಗೆ ಬಿಡಿ. ಮನೆ ದುಡ್ಡು ನಿಮ್ಮ ಖಾತೆಯಲ್ಲಿರಲಿ. ಅವರ ಪರವಾಗಿ ಮಾಲೀಕರಿಗೆ "ಜ್ವರ" ಅಂತ ಸುಳ್ಳು ಹೇಳಬೇಡಿ. ಕೈ ಎತ್ತಿದರೆ ಮಾತ್ರ ಸಹಿಸಬೇಡಿ, ಮಗುವನ್ನು ಕರೆದುಕೊಂಡು ತವರಿಗೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು ಒತ್ತಿ ಹೇಳಿದೆ: ಕೆಲವು ವಾರ ಬಿಟ್ಟು ಮತ್ತೆ ಹಳೇ ಲೆಕ್ಕದಲ್ಲೇ ನುಂಗಿದರೆ ಉಸಿರೇ ನಿಲ್ಲಬಹುದು. ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108. ಮಾತಾಡಲು ಯಾರೂ ಇಲ್ಲ ಅನ್ನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ನಡುವೆ ಒಮ್ಮೆ ರಮೇಶ ಜಾರಿದರು. ಈ ಸಲ ತಾವಾಗಿ ಬಂದು ಹೆಂಡತಿಗೆ ಹೇಳಿದರು. ಜೋರು ಜಗಳವೇ ಆಯಿತು, ಆಗಬೇಕಾದ್ದೇ. ಮರುದಿನ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ಬಳೆ ಇನ್ನೂ ಗಿರವಿಯಲ್ಲೇ ಇದೆ. ಮುಂದಿನ ಸಲ ಸಾಲದ ಪಟ್ಟಿ ತರಲು ಹೇಳಿದ್ದೇನೆ.