ರಾಣಿಯರ ಮುಖ, ರಾಣಿಯರ ಪೋಷಾಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲೆಂಡಿನ ರಾಣಿಯರು ನೋಡಲು ಹೇಗಿದ್ದರು ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ವೇಷ ಕಟ್ಟುವವರು. ಅವರಿಗೆ ಮೊದಲೇ ಒಂದು ಮಾತು: ರಾಣಿಯ ಹೆಸರಿಗಿಂತ ಮೊದಲು ಇಸವಿ ಕೇಳಿಕೊಳ್ಳಿ. ಅದು ತಪ್ಪಿದರೆ ಎಷ್ಟೇ ಚೆಂದ ಹೊಲಿದರೂ ವೇಷ ತಪ್ಪೇ.

ಪ್ರಶ್ನೆ: ನಮ್ಮ ಸಾಲಿ ಛದ್ಮವೇಷಕ್ಕ ಹತ್ತು ವರ್ಷದ ಹುಡುಗಿಗೆ ಮೊದಲನೇ ಎಲಿಜಬೆತ್ ರಾಣಿ ವೇಷ ಹಾಕಬೇಕಂತ ಮಾಡೇವಿ. ಕೊರಳ ಸುತ್ತ ತಾಟಿನಂಗ ಇರೂ ಆ ಕಾಲರ್ ಡ್ರಾಯಿಂಗ್ ಪೇಪರಿನ್ಯಾಗ ಮಾಡಿದ್ರ ಅರ್ಧ ತಾಸಿನ್ಯಾಗ ಮುದುಡತೈತಿ. ಏನ್ ಮಾಡೂದ್ರಿ? (ಶಿಕ್ಷಕಿ, ಗದಗ)

ಉತ್ತರ: ಪೇಪರ್ ಬಿಡಿ, ಅರಿವಿ ಹಿಡಿಯಿರಿ. ಆ ಕಾಲರಿಗೆ ರಫ್ ಎನ್ನುತ್ತಾರೆ. ಅದರ ಗುಟ್ಟೆಲ್ಲ ಗಂಜಿಯಲ್ಲಿದೆ. 1564ರಲ್ಲಿ ಡಿಂಗೆನ್ ಎಂಬ ಹೆಣ್ಣುಮಗಳು ನೆದರ್ಲೆಂಡ್ಸ್ ಕಡೆಯಿಂದ ಲಂಡನ್ನಿಗೆ ಬಂದು ಗಂಜಿ ಹಾಕುವ ಕಸುಬನ್ನು ಅಲ್ಲಿನವರಿಗೆ ಕಲಿಸಿದಳು. ರಫ್‌ಗಳು ತಾಟಿನಷ್ಟು ಅಗಲವಾದದ್ದು ಆಮೇಲೆ. ಮಳೆಯಲ್ಲಿ ನೆನೆದರೆ ರಾಣಿಯ ರಫ್ ಕೂಡ ಜೋತು ಬೀಳುತ್ತಿತ್ತು.

ಹುಡುಗಿಯ ಕೊರಳು ಅಳೆದು 2 ಸೆಂ.ಮೀ. ಸೇರಿಸಿ. 28 ಇದ್ದರೆ ಪಟ್ಟಿ 30 ಸೆಂ.ಮೀ. ಆಗುತ್ತದೆ. ನಿರಿಗೆಗೆ ಬೇಕಾದ ಅರಿವಿ ಅದರ ಹತ್ತು ಪಟ್ಟು, ಅಂದರೆ 3 ಮೀಟರ್ ಉದ್ದ. 90 ಸೆಂ.ಮೀ. ಪನ್ನಾದ ಬಿಳಿ ಮಲ್ಮಲ್ 40 ಸೆಂ.ಮೀ. ತಂದರೆ ಸಾಕು. ಅದರಲ್ಲಿ 8.5 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಕತ್ತರಿಸಿ ಜೋಡಿಸಿ, ಹೆಚ್ಚಿದ್ದನ್ನು ತೆಗೆಯಿರಿ. ಹೊರ ಅಂಚನ್ನು ಅರ್ಧ ಸೆಂ.ಮೀ. ಮಡಚಿ ಹೊಲಿಯಿರಿ, ಕೊರಳ ಕಡೆಗೆ 1 ಸೆಂ.ಮೀ. ಬಿಡಿ.

ಗಂಜಿ ಹಾಕುವುದು ಚುಕ್ಕಿ ಇಡುವುದಕ್ಕಿಂತ ಮೊದಲು. ಮೂರು ದೊಡ್ಡ ಚಮಚ ಮೈದಾವನ್ನು ಕಾಲು ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹಾಲಿನ ಬಿಳುಪು ಹೋಗಿ ಮಂದವಾಗುವವರೆಗೆ ಕೈಯಾಡಿಸಿ, ಸೋಸಿ. ಸೋಸದಿದ್ದರೆ ಒಣಗಿದ ಮೇಲೆ ಅರಿವಿಯ ಮೇಲೆ ಹಿಟ್ಟಿನ ಕಲೆ ಎದ್ದು ಕಾಣುತ್ತದೆ. ಪಟ್ಟಿಯನ್ನು ಅದ್ದಿ, ಹಿಂಡಿ, ಇನ್ನೂ ಹಸಿಹಸಿ ಇರುವಾಗಲೇ ಇಸ್ತ್ರಿ ಮಾಡಿ. ಪೂರ್ತಿ ಒಣಗಿದ ಮೇಲೆ ಇಸ್ತ್ರಿಗೆ ಹೋದರೆ ಸುಕ್ಕು ಬಿಡುವುದಿಲ್ಲ. ಇಸ್ತ್ರಿ ಅತಿಯಾಗಿ ಕಾದರೆ ಗಂಜಿ ಹಳದಿಗೆ ತಿರುಗುತ್ತದೆ.

ಈಗ ಕೊರಳ ಅಂಚಿನಲ್ಲಿ 3.75 ಸೆಂ.ಮೀ.ಗೆ ಒಂದರಂತೆ 80 ಚುಕ್ಕಿ ಇಡಿ. ಅರ್ಧ ಸೆಂ.ಮೀ. ಕೆಳಗೆ ಅದೇ ನೇರಕ್ಕೆ ಇನ್ನೊಂದು ಸಾಲು. ಪ್ರತಿ ಸಾಲಿಗೂ ಗಟ್ಟಿ ದಾರ ಹಾಕಿ, ಒಂದು ಚುಕ್ಕಿಯಲ್ಲಿ ಸೂಜಿ ಒಳಗೆ, ಮುಂದಿನದರಲ್ಲಿ ಹೊರಗೆ. ಎರಡೂ ದಾರ ಒಟ್ಟಿಗೆ ಜಗ್ಗಿದರೆ ಅರಿವಿ ಮೇಲೊಂದು ಕೆಳಗೊಂದು ಬಾಗಿ, ಇಂಗ್ಲಿಷಿನ ಎಂಟರ ಅಂಕಿಯಂಥ 40 ನಿರಿಗೆ ಏಳುತ್ತವೆ. ಎರಡು ಸಾಲಿನ ಚುಕ್ಕಿ ಹೊಂದದಿದ್ದರೆ ನಿರಿಗೆ ತಿರುಚುತ್ತದೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿಯೇ. ಕೊರಳ ಪಟ್ಟಿಗೆ ಹೊಲಿದು, ಹಿಂದೆ ಎರಡು ಹುಕ್ ಹಾಕಿ. ಪ್ರತಿ ಕುಣಿಕೆಯಲ್ಲಿ ದಪ್ಪ ಸ್ಕೆಚ್ ಪೆನ್ ತೂರಿಸಿ, ಸ್ವಲ್ಪ ನೀರು ಚಿಮುಕಿಸಿ, ರಾತ್ರಿಯಿಡೀ ಒಣಗಲು ಬಿಡಿ. ಅಂದಿನವರು ಇದೇ ಕೆಲಸಕ್ಕೆ ಕಾಸಿದ ಕಡ್ಡಿ ಬಳಸುತ್ತಿದ್ದರು. ಅಡಿಯಲ್ಲಿ ತಂತಿಯ ಬಳೆಯ ಆಸರೆಯನ್ನೂ ಕೊಡುತ್ತಿದ್ದರು. ನೀವೂ ಕೊಡಿ, ತಂತಿಯ ತುದಿಗೆ ಟೇಪ್ ಸುತ್ತುವುದು ಮರೆಯಬೇಡಿ.

ಕೂದಲು ಕೆಂಚು, ಅದರಲ್ಲಿ ಮುತ್ತು. ಮುಖಕ್ಕೆ ತೆಳುವಾಗಿ ಪೌಡರ್ ಸಾಕು. ಸೀಸದ ತಗಡನ್ನು ವಿನೆಗರಿನ ಆವಿಗೆ ಹಿಡಿದು ಮಾಡುವ ಬಿಳಿ ಪುಡಿಯನ್ನು ಆ ಕಾಲದ ಶ್ರೀಮಂತ ಹೆಂಗಸರು ಹಚ್ಚಿಕೊಳ್ಳುತ್ತಿದ್ದರು. ಅದು ಶುದ್ಧ ವಿಷ. ಇನ್ನು, ಹಲ್ಲು ಕಪ್ಪು ಮಾಡಬೇಕೇ ಎಂಬುದು ವಯಸ್ಸಿಗೆ ಬಿಟ್ಟದ್ದು. 1598ರಲ್ಲಿ, ಆಕೆಗೆ 65 ಆಗಿದ್ದಾಗ ಕಂಡ ಜರ್ಮನ್ ಪ್ರವಾಸಿ ಹೆಂಟ್ಸ್‌ನರ್, ರಾಣಿಯ ಹಲ್ಲು ಕಪ್ಪಾಗಿವೆ, ಕೆಂಚು ಕೂದಲು ಟೋಪನ್ನಿನದು ಎಂದು ಬರೆದಿದ್ದಾನೆ. ನಿಮ್ಮ ಹುಡುಗಿ ತಾಟಿನಂಥ ರಫ್ ಬಂದ ಮೇಲಿನ, ಆದರೆ ಹಲ್ಲು ಕಪ್ಪಾಗುವ ಮೊದಲಿನ ಎಲಿಜಬೆತ್ ಆಗಲಿ, ಬಿಳಿ ಹಲ್ಲಿನಿಂದ ನಗಲಿ.

ಪ್ರಶ್ನೆ: ಬಾಬಾಸಾಹೇಬರ ಬಂಡಾಯದ ನಾಟಕ ತಾಲೀಮು ನಡಿಸೇವಿ. ಇಂಗ್ಲಿಷ್ ಸಾಹೇಬನ ಕಚೇರಿ ಸೀನಿನ್ಯಾಗ ಗ್ವಾಡಿಗೆ ವಿಕ್ಟೋರಿಯಾ ರಾಣಿ ಫೋಟೋ ಹಾಕಬೇಕು. ಕರೇ ಅರಿವಿ, ತಲಿಮ್ಯಾಲ ಬಿಳಿ ಟೊಪಗಿ ಇರೂ ಮುದುಕಿ ಫೋಟೋ ಸಿಕ್ಕೈತಿ. ನಡೀತೈತೇನ್ರಿ? (ನಾಟಕ ತಂಡ, ನರಗುಂದ)

ಉತ್ತರ: ನಡೆಯುವುದಿಲ್ಲ. ನರಗುಂದದ ದೊರೆ ಬಾಬಾಸಾಹೇಬರು ಇಂಗ್ಲಿಷರ ವಿರುದ್ಧ ಎದ್ದ ನಿಮ್ಮ ಕಥೆ 1858ರ ಮೇ-ಜೂನ್ ತಿಂಗಳದು. ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬ ಹತನಾದ ಆ ಮೇ ತಿಂಗಳಲ್ಲೇ, 24ನೇ ತಾರೀಖು, ವಿಕ್ಟೋರಿಯಾಗೆ 39 ತುಂಬಿತು. ಗಂಡ ಆಲ್ಬರ್ಟ್ ಬದುಕಿದ್ದ, ಕೊನೆಯ ಕೂಸು ಬಿಯಾಟ್ರಿಸ್‌ಗೆ ಒಂದು ವರ್ಷ. ಆಕೆ ಕರಿ ಬಟ್ಟೆ ಹಿಡಿದದ್ದು 1861ರ ಡಿಸೆಂಬರ್ 14ರಂದು ಆಲ್ಬರ್ಟ್ ತೀರಿಕೊಂಡ ಮೇಲೆ. ಆಮೇಲೆ 1901ರಲ್ಲಿ ಸಾಯುವವರೆಗೂ ಬಿಡಲಿಲ್ಲ. ನಮ್ಮ ಕಣ್ಣಿಗೆ ಆ ವಿಧವೆಯ ಚಿತ್ರವೇ ಕೂತುಬಿಟ್ಟಿದೆ, ಅದಕ್ಕೇ ಈ ತಪ್ಪು ಪದೇ ಪದೇ ಆಗುತ್ತದೆ.

ವಿಂಟರ್‌ಹಾಲ್ಟರ್ 1843ರಲ್ಲಿ ಬರೆದ ಚಿತ್ರದ ಪ್ರತಿ ಹಾಕಿ. ನೀವೇ ಪರದೆಯ ಮೇಲೆ ಬರೆಸುವುದಾದರೆ: ಗುಂಡು ಮುಖ, ದೊಡ್ಡ ನೀಲಿ ಕಣ್ಣು, ಸಣ್ಣ ಗದ್ದ, ನಡು ಬೈತಲೆ ತೆಗೆದ ಕಂದು ಕೂದಲು, ತೆರೆದ ಹೆಗಲು, ಎಡ ಹೆಗಲಿನಿಂದ ಬಲ ಸೊಂಟಕ್ಕೆ ನೀಲಿ ಪಟ್ಟಿ. ಎತ್ತರ ಸುಮಾರು ಐದು ಅಡಿ ಅಷ್ಟೇ.

ಮಾತುಗಳನ್ನೂ ಒಮ್ಮೆ ನೋಡಿಕೊಳ್ಳಿ. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್ 12ರಂದು. ಕಂಪನಿ ಆಳ್ವಿಕೆ ಮುಗಿದು ರಾಣಿಯ ಹೆಸರಿನಲ್ಲಿ ಘೋಷಣೆ ಹೊರಟದ್ದು ನವೆಂಬರ್ 1ರಂದು. ಚಕ್ರವರ್ತಿನಿ ಎಂಬ ಬಿರುದು ಬಂದದ್ದು 1876ರಲ್ಲಿ. ಹಾಗಾಗಿ ಸಾಹೇಬನ ಬಾಯಲ್ಲಿ "ಕಂಪನಿ ಸರ್ಕಾರ" ಇರಲಿ, "ಚಕ್ರವರ್ತಿನಿ" ಬೇಡ.

ಕಿತ್ತೂರಿನ ನಾಟಕ ಆಡುವವರಿಗೂ ಇದೇ ಕೋರಿಕೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ 1824ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ಐದು ವರ್ಷದ ಹುಡುಗಿ. ಅವನ ಹಿಂದಿನ ಗೋಡೆಗೆ ಬೇಕಾದದ್ದು ನಾಲ್ಕನೇ ಜಾರ್ಜ್ ದೊರೆಯ ಚಿತ್ರ.

ಪ್ರಶ್ನೆ: ನಮ್ಮ ಅಮ್ಮನ ಸರದಾಗ ರಾಣಿ ಛಾಪಿನ ರೂಪಾಯಿ ಅದಾವು. ಒಂದರಾಗ ತುರುಬಿನ ಹುಡುಗಿ, ಕಿರೀಟ ಇಲ್ಲ. ಉಳಿದವುದರಾಗ ಕಿರೀಟ ಐತಿ. ಯಾವುದರೆ ಒಂದು ಖೊಟ್ಟಿ ಏನ್ರಿ? (ಗೃಹಿಣಿ, ರಾಣೆಬೆನ್ನೂರು)

ಉತ್ತರ: ಮುಖ ಬೇರೆ ಎಂಬ ಒಂದೇ ಕಾರಣಕ್ಕೆ ಖೊಟ್ಟಿ ಅಲ್ಲ, ಎರಡೂ ವಿಕ್ಟೋರಿಯಾಳವೇ. ತುರುಬಿಗೆ ಪಟ್ಟಿ ಕಟ್ಟಿದ್ದು 1840ರ ಕಂಪನಿ ರೂಪಾಯಿ, ಹಿಂದುಗಡೆ ಈಸ್ಟ್ ಇಂಡಿಯಾ ಕಂಪನಿ ಎಂದಿರುತ್ತದೆ. ಕಿರೀಟ, ಕಸೂತಿಯ ಪೋಷಾಕು 1862ರಿಂದ ಬಂದವು. ಅವುಗಳ ಸುತ್ತಲಿನ ಅಕ್ಷರ ಓದಿ: ಮೊದಮೊದಲು ವಿಕ್ಟೋರಿಯಾ ಕ್ವೀನ್, 1877ರಿಂದ ವಿಕ್ಟೋರಿಯಾ ಎಂಪ್ರೆಸ್.

ಕೈಗೆ ಭೂತಗನ್ನಡಿ ತೆಗೆದುಕೊಂಡು 1862ರದನ್ನೂ 1901ರದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದೇ ತುಂಬು ಕೆನ್ನೆ. ಇಂಗ್ಲೆಂಡಿನ ನಾಣ್ಯದಲ್ಲಿ 1893ರ ಹೊತ್ತಿಗೆ ಆಕೆ ಸೆರಗು ಹೊದ್ದ ಮುದುಕಿ, ನಮ್ಮ ರೂಪಾಯಿಯಲ್ಲಿ ಮಾತ್ರ ಒಂದು ಸುಕ್ಕೂ ಬೀಳಲಿಲ್ಲ.

ಸಾಚಾ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅಡ್ಡಳತೆ ಸುಮಾರು 3 ಸೆಂ.ಮೀ., ಬೆಳ್ಳಿ ನೂರಕ್ಕೆ 91.7. ಸವೆದಿದ್ದರೆ ತೂಕ ತುಸು ಇಳಿದಿರುತ್ತದೆ, ಕಡಿ ಬೆಸೆದಿದ್ದರೆ ಏರಿರುತ್ತದೆ. ಅಂಚಿನಲ್ಲಿ ಒತ್ತೊತ್ತಾಗಿ ಗೀರು ಇರಬೇಕು. ಅಚ್ಚಿನಲ್ಲಿ ಎರಕ ಹೊಯ್ದ ಖೊಟ್ಟಿಯಲ್ಲಿ ಅಕ್ಷರ ಮಂಕಾಗಿ, ಮೈಮೇಲೆ ಸಣ್ಣ ಸಣ್ಣ ತೂತು ಕಾಣುತ್ತವೆ. ಅಯಸ್ಕಾಂತಕ್ಕೆ ಅಂಟಿದರಂತೂ ಅದು ಬೆಳ್ಳಿಯಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದರೆ ರಾಣಿಯ ಮುಖದ ಉಬ್ಬು ಸವೆಯುತ್ತದೆ. ಉಗುರುಬೆಚ್ಚನೆಯ ನೀರು, ಮೆತ್ತನೆ ಸಾಬೂನು ಸಾಕು.

ಪ್ರಶ್ನೆ: ನಮ್ಮ ಕಡೆ ಕನ್ಯಾ ನೋಡಾಕ ಹೋಗೂಕಿಂತ ಮೊದಲ ಫೋಟೋ ತರಿಸ್ತಾರ. ಚಿತ್ರಾ ನೋಡಿ ಒಪ್ಪಿ, ಆಮ್ಯಾಲ ಮುಖಾ ನೋಡಿ ಒಲ್ಲೆ ಅಂದ ಇಂಗ್ಲಿಷ್ ರಾಜಾ ಯಾರ್ರಿ? ಚಿತ್ರಗಾರ ಮೋಸ ಮಾಡಿದ್ನೇನು? ಮತ್ತ ಅವನ ಇನ್ನೊಬ್ಬ ಹೆಂಡತಿಗೆ ಆರು ಬೆರಳು ಅಂತಾರಲ್ಲ? (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ರಾಜ ಎಂಟನೇ ಹೆನ್ರಿ, ಕನ್ಯೆ ಆನ್ ಆಫ್ ಕ್ಲೀವ್ಸ್, ಚಿತ್ರಗಾರ ಹೋಲ್ಬೈನ್. 1539ರ ಬೇಸಿಗೆಯಲ್ಲಿ ಅವನು ಜರ್ಮನಿಗೆ ಹೋಗಿ ಬರೆದ ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಮೋಸ ಎನ್ನಲಾಗದು. ಅಲ್ಲಿಯೇ ಇದ್ದ ಇಂಗ್ಲೆಂಡಿನ ರಾಯಭಾರಿ ವಾಟನ್, ಚಿತ್ರ ಜೀವಂತವಾಗಿ ಮೂಡಿದೆ ಎಂದೇ ಬರೆದ. ಆದರೆ ಹೋಲ್ಬೈನ್ ಆಕೆಯನ್ನು ನೇರ ಎದುರಿನಿಂದ ಬರೆದಿದ್ದಾನೆ. ಎದುರಿನಿಂದ ನೋಡಿದರೆ ಮೂಗಿನ ಉದ್ದ ತಿಳಿಯುವುದಿಲ್ಲ. ನಿಮ್ಮ ಮನೆಗೆ ಬರುವ ಫೋಟೋಗಳಲ್ಲೂ ಇದನ್ನು ಗಮನಿಸಿ.

ತಪ್ಪು ಹೆನ್ರಿಯದೇ ಹೆಚ್ಚು. 1540ರ ಜನವರಿ 1ರಂದು, 48 ವರ್ಷದ ಆ ಸ್ಥೂಲಕಾಯ ವೇಷ ಮರೆಸಿಕೊಂಡು ಆಕೆಯ ಕೋಣೆಗೆ ನುಗ್ಗಿದ. 24ರ ಆನ್‌ಗೆ ಗುರುತು ಹತ್ತಲಿಲ್ಲ, ಕಿಟಕಿಯತ್ತ ಮುಖ ತಿರುಗಿಸಿದಳು. ಅಲ್ಲಿಗೆ ರಾಜನ ಮನಸ್ಸು ಮುರಿಯಿತು. ಜನವರಿ 6ಕ್ಕೆ ಮದುವೆ, ಜುಲೈನಲ್ಲಿ ರದ್ದು. ಆಕೆ ಮನೆ, ಜಮೀನು, ರಾಜನ ತಂಗಿ ಎಂಬ ಮಾನ ಪಡೆದು ಅವನಿಗಿಂತ ಹತ್ತು ವರ್ಷ ಹೆಚ್ಚು ಬಾಳಿದಳು. ಹೋಲ್ಬೈನ್‌ಗೆ ಶಿಕ್ಷೆಯಾಗಲಿಲ್ಲ.

ಆರು ಬೆರಳಿನ ಆರೋಪ ಆನ್ ಬೊಲಿನ್ ಮೇಲಿನದು. ಅದನ್ನು ಬರೆದ ಸ್ಯಾಂಡರ್ ಆಕೆಯ ವೈರಿ ಪಂಗಡದವನು. 1536ರಲ್ಲಿ ಆಕೆಯ ತಲೆ ಕಡಿದಾಗ ಅವನಿನ್ನೂ ಎಳೆಯ ಹುಡುಗ, ಪುಸ್ತಕ ಅಚ್ಚಾದದ್ದು 1585ರಲ್ಲಿ. ಕಣ್ಣಾರೆ ಕಂಡ ವೆನಿಸ್ಸಿನ ರಾಯಭಾರಿ ಬೆರಳಿನ ಸುದ್ದಿ ಎತ್ತಿಲ್ಲ: ಸಾದಗಪ್ಪು ಬಣ್ಣ, ಉದ್ದ ಕೊರಳು, ಅಗಲ ಬಾಯಿ, ಕಪ್ಪನೆಯ ಚೆಲುವಾದ ಕಣ್ಣು ಎನ್ನುತ್ತಾನೆ.

ಪ್ರಶ್ನೆ: ಮುದುಕಿ ವಿಕ್ಟೋರಿಯಾ ತಲಿಮ್ಯಾಲಿನ ಕಿರೀಟ ಅಷ್ಟ ಸಣ್ಣದ್ಯಾಕ? ನಾವು ಮಾಡಿದ್ದು ಜಾರಿ ಬೀಳತೈತಿ. (ವೇಷಭೂಷಣ ಅಂಗಡಿಯವರು, ಹುಬ್ಬಳ್ಳಿ)

ಉತ್ತರ: ಅದು 1870ರಲ್ಲಿ ಮಾಡಿಸಿದ್ದು. ದೊಡ್ಡ ಕಿರೀಟ ಭಾರ, ವಿಧವೆಯ ಟೊಪ್ಪಿಗೆಯ ಮೇಲೆ ಕೂರುವಂಥದ್ದೂ ಅಲ್ಲ. ಇದು 10 ಸೆಂ.ಮೀ. ಒಳಗಿನದು, 1,187 ವಜ್ರ, ಬಣ್ಣದ ಕಲ್ಲು ಒಂದೂ ಇಲ್ಲ, ಶೋಕದಲ್ಲಿ ಬಣ್ಣ ಬೇಡವೆಂದು. ಆದ್ದರಿಂದ ಚಿನ್ನದ ಬೇಗಡೆ ಅಂಟಿಸಬೇಡಿ, ಬೆಳ್ಳಿಯದೇ ಇರಲಿ. ರಟ್ಟಿನ ಪಟ್ಟಿ 29 ಸೆಂ.ಮೀ. ಕತ್ತರಿಸಿ 1 ಸೆಂ.ಮೀ. ಒಂದರ ಮೇಲೊಂದು ಅಂಟಿಸಿದರೆ 9 ಸೆಂ.ಮೀ. ಬಳೆ ಆಗುತ್ತದೆ. ಜಾರುವುದು ಅದನ್ನು ನುಣುಪಾದ ಅರಿವಿಗೆ ಬರೀ ಗೋಂದಿನಿಂದ ಅಂಟಿಸಿದ್ದಕ್ಕೆ. ಕಿರೀಟದ ತಳದಲ್ಲಿ ನಾಲ್ಕು ತೂತು ಮಾಡಿ ಟೊಪ್ಪಿಗೆಗೆ ದಾರದಿಂದ ಹೊಲಿಯಿರಿ. ಟೊಪ್ಪಿಗೆಯ ಒಳಗೆ, ಕಿರೀಟದ ನೇರ ಕೆಳಗೆ, ತುರುಬಿನ ಬಾಚಣಿಗೆ ಒಂದನ್ನು ಹಲ್ಲು ಮುಂದಕ್ಕೆ ಬರುವಂತೆ ಹೊಲಿದು, ಅದನ್ನು ನಟಿಯ ಕೂದಲಿಗೆ ಸಿಕ್ಕಿಸಿ.