ಎರಡೂವರೆ ಗಂಟೇಲಿ ಅಮೆರಿಕಾನಾ?

ಪ್ರಶ್ನೆ: ಮಗ ಸ್ಯಾನ್ ಫ್ರಾನ್ಸಿಸ್ಕೋ ಹತ್ರ ಇರೋದು. ಚಳಿಗಾಲದಲ್ಲಿ ಬೆಂಗಳೂರಿಂದ ಡೈರೆಕ್ಟ್ ಫ್ಲೈಟಲ್ಲಿ ಹೋಗಿ ಬಂದಿದ್ವಿ, ಆ ಹಳೇ ಟಿಕೆಟ್ ಈಗ ಸಿಕ್ತು. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಸೋಮವಾರಾನೇ ಸಂಜೆ 4.30ಕ್ಕೆ ಇಳಿದಂಗೆ ಇದೆ. ಬರೋವಾಗ ನೋಡಿದ್ರೆ ಶನಿವಾರ ರಾತ್ರಿ 8.30ಕ್ಕೆ ಹತ್ತಿ ಸೋಮವಾರ ಬೆಳಗಿನ ಜಾವ 3.30ಕ್ಕೆ ಬಂದಿದೀವಿ! ಭೂಮಿ ತಿರುಗುತ್ತಲ್ಲ ಅದಕ್ಕೇ ಅಂತಾರೆ ನಮ್ಮ ಯಜಮಾನ್ರು. ಹೌದಾ?
— ಓದುಗರು, ಹಾಸನ

ಉತ್ತರ: ಟಿಕೆಟಲ್ಲಿ ಹಾಕೋದು ಆಯಾ ಊರಿನ ಟೈಮು ಅಮ್ಮಾ, ಒಂದರಿಂದ ಇನ್ನೊಂದನ್ನ ಕಳೆಯೋಕೆ ಹೋದ್ರೆ ಲೆಕ್ಕ ಕೈ ಕೊಡುತ್ತೆ. ಚಳಿಗಾಲದಲ್ಲಿ ನಾವು ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದೆ (ಮಾರ್ಚಿಂದ ನವೆಂಬರ್ ತನಕ ಅವ್ರು ಗಡಿಯಾರ ಒಂದು ಗಂಟೆ ಮುಂದಿಟ್ಕೊಳ್ತಾರೆ, ಆಗ ಹನ್ನೆರಡೂವರೆ). ನೀವು ಅಲ್ಲಿ ಸಂಜೆ ಇಳಿದಾಗ ಹಾಸನದಲ್ಲಿ ಮಂಗಳವಾರ ಬೆಳಗ್ಗೆ 6 ಗಂಟೆ, ಹಾಲಿನವ್ನು ಬರೋ ಹೊತ್ತು. ಅಂದ್ರೆ 16 ಗಂಟೆ ಪ್ರಯಾಣ ಆಗಿದೆ. ವಾಪಸ್ ಹತ್ತಿದ ಶನಿವಾರ ರಾತ್ರಿ ಇಲ್ಲಿ ಆಗ್ಲೇ ಭಾನುವಾರ ಬೆಳಗ್ಗೆ 10, ಅಲ್ಲಿಂದ ಎಣಿಸಿ, ಹದಿನೇಳೂವರೆ ಗಂಟೆ.

ದೂರ ಎರಡು ಕಡೆಗೂ ಒಂದೇ, ಹತ್ತಿರದ ದಾರೀಲಿ ಸುಮಾರು 14 ಸಾವಿರ ಕಿ.ಮೀ. ಹಂಗಾದ್ರೆ ಬರೋವಾಗ ಯಾಕೆ ಜಾಸ್ತಿ? ಯಜಮಾನ್ರಿಗೆ ಹೇಳಿ, ಭೂಮಿ ಜೊತೆ ಗಾಳೀನೂ ತಿರುಗುತ್ತೆ, ಇಲ್ದಿದ್ರೆ ಹೆಲಿಕಾಪ್ಟರಲ್ಲಿ ಹಾಸನದ ಮೇಲೆ ಹೋಗಿ ಸುಮ್ನೆ ನಿಂತ್ಕೊಂಡ್ರೆ ಸಾಕಿತ್ತು, ಮಂಗಳೂರು ತಾನೇ ಕಾಲಡಿಗೆ ಬರ್ತಿತ್ತು. ನಿಜವಾದ ಕಾರಣ ಜೆಟ್ ಸ್ಟ್ರೀಮ್. ವಿಮಾನ ಹಾರೋ ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಗಾಳಿ ಅದು, ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟೋದೂ ಉಂಟು, ಜಪಾನ್ ಆಸುಪಾಸಲ್ಲಂತೂ ಭಾರಿ ಜೋರು. ಹೋಗೋವಾಗ ಪೆಸಿಫಿಕ್ ಮೇಲೆ ಹಾದ್ರೆ ಅದೇ ಹಿಂದಿಂದ ತಳ್ಳುತ್ತೆ. ಬರೋವಾಗ ಎದುರು ಗಾಳಿ ಬೇಡ ಅಂತ ಪೈಲಟ್‌ಗಳು ಉತ್ತರದ ಕಡೆಯಿಂದ ಸುತ್ತಿ ಬರೋದುಂಟು. ಈ ರೂಟಿನ ಮೊದಲ ಏರ್ ಇಂಡಿಯಾ ಫ್ಲೈಟ್ 2021ರ ಜನವರಿ 9ಕ್ಕೆ ಅಲ್ಲಿಂದ ಹೊರಟಿದ್ದು ಉತ್ತರ ಧ್ರುವದ ಮೇಲಿಂದಾನೇ ಬಂತು, ಕಾಕ್‌ಪಿಟ್ಟಲ್ಲಿ ಇದ್ದವ್ರೆಲ್ಲಾ ಹೆಂಗಸರು, ಕ್ಯಾಪ್ಟನ್ ಜೋಯಾ ಅಗರ್ವಾಲ್. ಗೋಡೆ ಮ್ಯಾಪಲ್ಲಿ ಇದು ಊರು ಸುತ್ತಿದಂಗೆ ಕಾಣುತ್ತೆ ನಿಜ, ಒಂದು ಗ್ಲೋಬ್ ತಗೊಂಡು ಎರಡೂರಿಗೂ ದಾರ ಎಳೆದು ಬಿಗಿಮಾಡಿ, ದಾರ ತಾನಾಗೇ ಧ್ರುವದ ಹತ್ರ ಜಾರುತ್ತೆ.

ಪ್ರಶ್ನೆ: ಬೆಂಗಳೂರು–ಮಂಗಳೂರು ಫ್ಲೈಟ್ ಒಂದು ಗಂಟೆ ಅಂತ ಬರೀತಾರೆ, ಗಾಳೀಲಿರೋದು ಮುಕ್ಕಾಲು ಗಂಟೇನೂ ಇಲ್ಲ. ಮಿಕ್ಕಿದ್ದು?
— ಓದುಗರು, ಪುತ್ತೂರು

ಉತ್ತರ: ರೋಡಲ್ಲಿ 350 ಕಿ.ಮೀ. ಆದ್ರೂ ಮೇಲಿಂದ ಬರೀ 300 ಚಿಲ್ಲರೆ. ಆದ್ರೆ ಟಿಕೆಟಿನ ಟೈಮು ಶುರುವಾಗೋದು ವಿಮಾನ ನಿಂತ ಜಾಗದಿಂದ ಅಲುಗಿದ ಕೂಡ್ಲೆ, ಮುಗಿಯೋದು ಬಜ್ಪೆಯಲ್ಲಿ ಪಾರ್ಕ್ ಆದ ಮೇಲೆ. ರನ್‌ವೇ ತನಕ ಉರುಳೋದು, ಮುಂದಿನ ವಿಮಾನ ಏರೋ ತನಕ ಕಾಯೋದು ಎಲ್ಲಾ ಅದರಲ್ಲೇ ಸೇರ್ಕೊಳ್ಳುತ್ತೆ. ಜೊತೆಗೆ ಇಷ್ಟು ಸಣ್ಣ ದೂರದಲ್ಲಿ 900ರ ಸ್ಪೀಡೂ ಸಿಗಲ್ಲ, ಪೂರ್ತಿ ಮೇಲೆ ಹತ್ತೋದ್ರೊಳಗೆ ಇಳಿಯೋಕೆ ಶುರು ಮಾಡ್ಬೇಕು.